ಅಂಗೈ ಮೇಲೆ ಬರೆದ ಸೊನ್ನೆ

ಪವಿತ್ರ ಕುರ್‌ಆನಿನ ಅಸ್ಸಾಫ್ಫಾತ್ ಅಧ್ಯಾಯದಲ್ಲಿ ಹಜ್ರತ್ ಯೂನುಸ್ (ಅ) ಅವರು ಯಾವ ಜನರ ಬಳಿಗೆ ಕಳುಹಿಸಲ್ಪಟ್ಟರೋ ಆ ಜನರ ಸಂಖ್ಯೆಯ ಪ್ರಸ್ತಾಪ ಇದೆ. ಜುಮಾ ಪ್ರವಚನದಲ್ಲಿ ನಾವು ಅದನ್ನು ಲಕ್ಷಕ್ಕೂ ಮಿಕ್ಕ ಜನ ಎಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ಆದರೆ ಮೂಲದಲ್ಲಿ ಲಕ್ಷ ಎಂಬ ಪದ ಇಲ್ಲ. ಅಲ್ಲಿರುವುದು ನೂರು ಸಾವಿರ. ಹಳೆಯ ಅರಬಿಯಲ್ಲಿ ಎಣಿಕೆಯ ಹೆಸರುಗಳು ‘ಅಲ್ಫ್’ ಅಂದರೆ ಸಾವಿರಕ್ಕೆ ಮುಗಿಯುತ್ತಿದ್ದವು. ಅದಕ್ಕಿಂತ ಮೇಲಿನದನ್ನು ಸಾವಿರದಿಂದಲೇ ಕಟ್ಟಬೇಕು: ನೂರು ಸಾವಿರ, ಸಾವಿರ ಸಾವಿರ, ಹೀಗೆ. ಲಕ್ಷ, ಕೋಟಿ ಎಂಬುವು ನಮ್ಮ ಈ ನೆಲದ ಮಾತುಗಳು.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣ ನಮ್ಮ ಮಕ್ಕಳ ಗಣಿತದ ಪುಸ್ತಕ. ಐದನೇ ತರಗತಿಯಲ್ಲಿ ಐದು ಅಂಕಿಯ ಸಂಖ್ಯೆಗಳು, ಆರನೆಯದರಲ್ಲಿ ಲಕ್ಷ, ಕೋಟಿ ಮತ್ತು ಮಿಲಿಯನ್. ಮಗ್ರಿಬ್ ಆದ ಮೇಲೆ ಮಕ್ತಬ್‌ಗೆ ಬರುವ ಮಕ್ಕಳ ಚೀಲದಲ್ಲಿ ಈ ಪುಸ್ತಕವೂ ಇರುತ್ತದೆ. ‘ಮೂರು ಲಕ್ಷದ ಐದು’ ಬರೆಯಿರಿ ಎಂದರೆ ಒಬ್ಬ 3005 ಬರೆಯುತ್ತಾನೆ, ಇನ್ನೊಬ್ಬಳು 30005. ಮೂರೂ ಗೊತ್ತು, ಐದೂ ಗೊತ್ತು. ನಡುವೆ ಎಷ್ಟು ಸೊನ್ನೆ ಇಡಬೇಕು ಎಂಬಲ್ಲಿ ಕೈ ನಿಲ್ಲುತ್ತದೆ. ಐದನ್ನು ಬಿಡಿಯ ಮನೆಯಲ್ಲಿ, ಮೂರನ್ನು ಲಕ್ಷದ ಮನೆಯಲ್ಲಿ ಕೂರಿಸಿ, ಹತ್ತು, ನೂರು, ಸಾವಿರ, ಹತ್ತು ಸಾವಿರ ಎಂಬ ನಾಲ್ಕು ಖಾಲಿ ಮನೆಗಳಿಗೆ ನಾಲ್ಕು ಸೊನ್ನೆ ತುಂಬಬೇಕು: 3,00,005. ಇದು ದಡ್ಡತನವಲ್ಲ. ನಮ್ಮ ಮನೆಗಳ ಮಕ್ಕಳು ಒಂದೇ ದಿನದಲ್ಲಿ ನಾಲ್ಕು ಭಾಷೆಯ ಎಣಿಕೆಯೊಳಗೆ ಓಡಾಡುತ್ತಾರೆ. ಕನ್ನಡದಲ್ಲಿ ಇಪ್ಪತ್ತೈದು ಎಂದರೆ ಇಪ್ಪತ್ತರ ಮುಂದೆ ಐದು, ಕೇಳಿದ ಹಾಗೇ ಬರೆಯಬಹುದು. ಮನೆಯ ದಖ್ಖನಿಯಲ್ಲಿ ಅದು ಪಚ್ಚೀಸ್, ಅದನ್ನು ಬಾಯಿಪಾಠವೇ ಮಾಡಬೇಕು. ಅರಬಿಯಲ್ಲಿ ‘ಐದು ಮತ್ತು ಇಪ್ಪತ್ತು’, ಬಿಡಿ ಮೊದಲು, ಹತ್ತು ಆಮೇಲೆ. ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದುವ ಪುಟದಲ್ಲಿಯೇ ಅಂಕಿಯ ದೊಡ್ಡ ಸ್ಥಾನ ಎಡಗಡೆ ಕೂತಿರುತ್ತದೆ. ಇಂಗ್ಲಿಷಿನ ಮಿಲಿಯನ್ ಎಣಿಕೆಗೆ ಹೋದರೆ ಅದೇ ಮೂರು ಲಕ್ಷ ‘ಮುನ್ನೂರು ಸಾವಿರ’ ಆಗಿ, ಲಕ್ಷದ ಮನೆಯ ಪಕ್ಕದ ಅಲ್ಪವಿರಾಮ ಮಾಯವಾಗುತ್ತದೆ. ಇಷ್ಟನ್ನೂ ಹತ್ತು ವರ್ಷದ ಮಗು ಸಂಭಾಳಿಸಬೇಕು. ‘ನಮ್ಮವರ ತಲೆಗೆ ಲೆಕ್ಕ ಹತ್ತುವುದಿಲ್ಲ’ ಎಂದು ಹಿರಿಯರೇ ಮಗುವಿನ ಎದುರಿಗೆ ಹೇಳುವುದುಂಟು. ಆ ಮಾತಿಗೆ ಇತಿಹಾಸದಲ್ಲಿ ಆಧಾರವಿಲ್ಲ ಎಂದು ತೋರಿಸಲು ಈ ಲೇಖನ.

ಬಳ್ಳಾರಿಯಿಂದ ಉತ್ತರಕ್ಕೆ, ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಮಳಖೇಡ ಎಂಬ ಊರಿದೆ. ಒಂಬತ್ತನೆಯ ಶತಮಾನದಲ್ಲಿ ಅದು ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ 814ರಿಂದ 878ರವರೆಗೆ ಆಳಿದ. ಅವನ ಕಾಲದಲ್ಲಿ ಮಹಾವೀರಾಚಾರ್ಯ ಎಂಬ ಜೈನ ವಿದ್ವಾಂಸರು ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಬರೆದರು, ಆರಂಭದಲ್ಲಿ ಆ ದೊರೆಯನ್ನು ಹೊಗಳಿದರು. ಗಣಿತಕ್ಕಾಗಿಯೇ ಮೀಸಲಾದ ಪುಸ್ತಕ ಅದು, ಖಗೋಳದ ಜೊತೆ ಕಲಸಿದ್ದಲ್ಲ. ಅದರಲ್ಲಿ ಅವರು ಸಂಖ್ಯಾಸ್ಥಾನಗಳಿಗೆ 24 ಹೆಸರು ಕೊಟ್ಟಿದ್ದಾರೆ. ಏಕ, ದಶ, ಶತ, ಸಹಸ್ರದಿಂದ ಹೊರಟು ಲಕ್ಷ, ಕೋಟಿ ದಾಟಿ, ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ, ಮಹಾಕ್ಷೋಭಕ್ಕೆ ಮುಟ್ಟುತ್ತದೆ. ಒಂದರ ಮುಂದೆ 23 ಸೊನ್ನೆ! ಅಷ್ಟು ವಸ್ತು ಯಾವ ಅರಸನ ಭಂಡಾರದಲ್ಲೂ ಇರಲಿಕ್ಕಿಲ್ಲ. ಆದರೂ ಎಣಿಕೆಗೆ ಹೆಸರು ಇರಲಿ ಎಂದು ಇಟ್ಟರು.

ಇದೇ ತಲೆಮಾರಿನಲ್ಲಿ, ಬಗ್ದಾದಿನಲ್ಲಿ ಖಲೀಫ ಮಾಮೂನರ ಆಶ್ರಯದಲ್ಲಿ ಮುಹಮ್ಮದ್ ಬಿನ್ ಮೂಸಾ ಅಲ್-ಖ್ವಾರಿಝ್ಮಿ ಕೆಲಸ ಮಾಡುತ್ತಿದ್ದರು. ಹಿಂದೂಸ್ತಾನದ ಅಂಕಿಗಳಿಂದ ಲೆಕ್ಕ ಮಾಡುವುದು ಹೇಗೆ ಎಂದು ಅವರು ಒಂದು ಪುಸ್ತಕ ಬರೆದರು. ಅದರ ಅರಬಿ ಮೂಲ ಉಳಿಯಲಿಲ್ಲ, ಲ್ಯಾಟಿನ್ ರೂಪ ಉಳಿಯಿತು. ಒಂಬತ್ತು ಅಂಕಿ ಮತ್ತು ಖಾಲಿ ಮನೆಗೆ ಒಂದು ಸಣ್ಣ ವೃತ್ತ, ಇಷ್ಟರಿಂದ ಎಷ್ಟು ದೊಡ್ಡ ಸಂಖ್ಯೆಯನ್ನಾದರೂ ಬರೆಯಬಹುದು ಎಂಬ ವಿದ್ಯೆ ಈ ದಾರಿಯಲ್ಲಿ ಯುರೋಪಿಗೆ ಹೋಯಿತು. ಖಾಲಿ ಎಂಬ ಅರ್ಥದ ಅರಬಿ ಪದ ‘ಸಿಫ್ರ್’. ನಮ್ಮ ಮನೆಗಳಲ್ಲಿ ಇಂದಿಗೂ ಸೊನ್ನೆಗೆ ಸಿಫರ್ ಎನ್ನುತ್ತೇವಲ್ಲ, ಅದೇ. ಇಂಗ್ಲಿಷಿನ ‘ಝೀರೋ’ ಹುಟ್ಟಿದ್ದೂ ಅದರಿಂದಲೇ. ಮೊಬೈಲ್ ಕಂಪನಿಯವರು ದಿನಕ್ಕೆ ನೂರು ಸಲ ಹೇಳುವ ‘ಅಲ್ಗಾರಿದಮ್’ ಎಂಬ ಪದ ಖ್ವಾರಿಝ್ಮಿಯವರ ಹೆಸರಿನಿಂದ ಬಂದದ್ದು. ಇಂಜಿನಿಯರಿಂಗ್ ಓದುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ!

ಮಳಖೇಡಕ್ಕೂ ಅರಬ್ಬರಿಗೂ ಪರಿಚಯ ಇರಲಿಲ್ಲ ಎಂದು ತಿಳಿಯಬೇಡಿ. 851ರ ಸುಮಾರಿಗೆ ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಬಂದ ವೃತ್ತಾಂತದಲ್ಲಿ ಜಗತ್ತಿನ ನಾಲ್ಕು ದೊಡ್ಡ ದೊರೆಗಳಲ್ಲಿ ‘ಬಲ್ಹರಾ’ ಒಬ್ಬ ಎಂದಿದೆ. ಬಲ್ಹರಾ ಎಂದರೆ ರಾಷ್ಟ್ರಕೂಟರ ದೊರೆ, ಅವನು ಅರಬ್ಬರನ್ನು ಪ್ರೀತಿಯಿಂದ ಕಾಣುತ್ತಿದ್ದ ಎಂದೂ ಅದು ಹೇಳುತ್ತದೆ. ಅರಬರ ಬರಹಗಳ ‘ಮಾನ್ಕೀರ್’ ನಮ್ಮ ಮಳಖೇಡವೇ. ಇನ್ನೂ ಇನ್ನೂರು ವರ್ಷ ಕಳೆದ ಮೇಲೆ ಅಲ್-ಬಿರೂನಿ ‘ಕಿತಾಬುಲ್ ಹಿಂದ್’ ಬರೆಯುತ್ತ ಒಂದು ಮಾತು ಒಪ್ಪಿಕೊಂಡರು: ತಾನು ವಿಚಾರಿಸಿದ ಜನಾಂಗಗಳೆಲ್ಲ ಎಣಿಕೆಯ ಹೆಸರನ್ನು ಸಾವಿರಕ್ಕೆ ನಿಲ್ಲಿಸುತ್ತವೆ, ಹಿಂದೂಗಳು ಮಾತ್ರ ಹದಿನೆಂಟನೆಯ ಸ್ಥಾನದವರೆಗೆ ಒಯ್ಯುತ್ತಾರೆ. ಪರರ ವಿದ್ಯೆಯನ್ನು ಹೀಗೆ ಹೆಸರು ಹೇಳಿ ಒಪ್ಪಿಕೊಳ್ಳುವುದು ಆಗಿನ ಆಲಿಮರಿಗೆ ಅವಮಾನ ಎನಿಸಿರಲಿಲ್ಲ.

ಈಗ ನಮ್ಮ ಸೀಮೆಗೇ ಬರೋಣ. 1443ರಲ್ಲಿ ತೈಮೂರನ ಮಗ ಶಾರುಖನ ರಾಯಭಾರಿಯಾಗಿ ಹೆರಾತಿನಿಂದ ಅಬ್ದುರ್ರಝಾಕ್ ಎಂಬವರು ಕಲ್ಲಿಕೋಟೆಯ ದಾರಿಯಾಗಿ ವಿಜಯನಗರಕ್ಕೆ ಬಂದರು. ಆಗ ಎರಡನೆಯ ದೇವರಾಯನ ಆಳ್ವಿಕೆ. ಆನೆ, ಬಜಾರು, ಹಬ್ಬಗಳ ಬಗ್ಗೆ ಅವರು ಬರೆದದ್ದನ್ನು ಎಲ್ಲರೂ ಹೇಳುತ್ತಾರೆ. ನಮಗೆ ಮುಖ್ಯ ಎನಿಸಿದ್ದು ದಿವಾನಖಾನೆಯ ಗುಮಾಸ್ತರ ವಿಷಯ. ಇಲ್ಲಿ ಎರಡು ಬಗೆಯ ಬರವಣಿಗೆ ಇದೆ ಎನ್ನುತ್ತಾರೆ ಅವರು. ಒಂದು, ಉದ್ದನೆಯ ಗರಿಯ ಮೇಲೆ ಕಬ್ಬಿಣದ ಕಂಠದಿಂದ ಗೀಚುವುದು. ಇನ್ನೊಂದು, ಬಿಳಿಯ ಹಾಳೆಗೆ ಕಪ್ಪು ಬಳಿದು, ಲೇಖನಿಯಂತೆ ಕೊರೆದ ಮೆತ್ತನೆಯ ಕಲ್ಲಿನಿಂದ ಬರೆಯುವುದು. ಕಪ್ಪಿನ ಮೇಲೆ ಬಿಳಿ ಅಕ್ಷರ ಮೂಡುತ್ತದೆ, ಬಹುಕಾಲ ಬಾಳುತ್ತದೆ. ಕನ್ನಡದ ಓದುಗರಿಗೆ ಇದರ ಹೆಸರು ಹೇಳಬೇಕಾಗಿಲ್ಲ, ಇದು ಕಡತ. ಆ ಕಲ್ಲು ಬಳಪ. ತಹಶೀಲ್ದಾರ್ ಕಚೇರಿಯಲ್ಲಿ ಇಂದಿಗೂ ‘ಕಡತ ಮೇಲಿಗೆ ಹೋಗಿದೆ’ ಎನ್ನುತ್ತಾರಲ್ಲ, ಆ ಮಾತಿಗೆ ಮೂಲ ಇದೇ.

ಆಗಿನ ನಾಣ್ಯದ ಲೆಕ್ಕವನ್ನೂ ಅಬ್ದುರ್ರಝಾಕ್ ಬರೆದಿಟ್ಟಿದ್ದಾರೆ. ಒಂದು ವರಹಕ್ಕೆ ಎರಡು ಪರ್ತಾಬ್, ಒಂದು ಪರ್ತಾಬಿಗೆ ಹತ್ತು ಹಣ, ಒಂದು ಹಣಕ್ಕೆ ಆರು ತಾರ, ಒಂದು ತಾರಕ್ಕೆ ಮೂರು ಜೀತಲ್. ಒಂದು ವರಹಕ್ಕೆ ಎಷ್ಟು ಜೀತಲ್ ಆಯಿತು ಎಂದು ಮಕ್ಕಳನ್ನು ಕೇಳಿ ನೋಡಿ. 360 ಬರಬೇಕು. ಹಂಪಿಯ ಬಜಾರಿನಲ್ಲಿ ಹೂ ಮಾರುವವನೂ ಇದನ್ನು ಬೆರಳ ತುದಿಯಲ್ಲಿ ಲೆಕ್ಕ ಹಾಕಿದ್ದಿರಬೇಕು.

ಕಡತ ಮತ್ತು ಬಳಪ ಇನ್ನೊಮ್ಮೆ ಕಾಣಿಸಿಕೊಳ್ಳುವುದು 380 ವರ್ಷಗಳ ನಂತರ, ನಮ್ಮ ಬಳ್ಳಾರಿಯ ಮಕ್ಕಳ ಕೈಯಲ್ಲಿ. 1792 ಮತ್ತು 1799ರ ಯುದ್ಧಗಳ ತರುವಾಯ ನಿಜಾಮರ ಪಾಲಿಗೆ ಹೋಗಿದ್ದ ಈ ಸೀಮೆ 1800ರಲ್ಲಿ ಕಂಪನಿ ಸರ್ಕಾರಕ್ಕೆ ಸೇರಿ ದತ್ತಮಂಡಲ ಎನಿಸಿತು. ಅದರ ಮೊದಲ ಮುಖ್ಯ ಕಲೆಕ್ಟರ್ ಥಾಮಸ್ ಮನ್ರೋ. ಮುಂದೆ ಅವರೇ ಮದ್ರಾಸಿನ ಗವರ್ನರ್ ಆದಾಗ, 1822ರಲ್ಲಿ, ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಯಾರು ಓದುತ್ತಾರೆ, ಏನು ಓದುತ್ತಾರೆ ಎಂದು ವರದಿ ಕೇಳಿದರು. ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್, ತೆಲುಗಿಗೆ ವ್ಯಾಕರಣ ಮತ್ತು ನಿಘಂಟು ಬರೆದ ಮನುಷ್ಯ, 1823ರ ಆಗಸ್ಟ್ 17ರಂದು ಉತ್ತರ ಕಳುಹಿಸಿದರು. ಆ ವರದಿಗಳಲ್ಲೆಲ್ಲ ಹೆಚ್ಚು ವಿವರವಾದವುಗಳಲ್ಲಿ ಇದು ಒಂದು.

ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರವೂ ಸೇರಿತ್ತು. ಜನಸಂಖ್ಯೆ 9,27,857. ಶಾಲೆಗಳು 533. ಕನ್ನಡದವು 235, ತೆಲುಗಿನವು 226, ಮರಾಠಿ 23, ಪಾರ್ಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಉಳಿದ 23 ಬ್ರಾಹ್ಮಣರಿಗೆ ಮಾತ್ರ ಇದ್ದ ವಿದ್ಯಾಸ್ಥಾನಗಳು. ಓದುವ ಮಕ್ಕಳು 6,641, ಅಂದರೆ ಸಾವಿರ ಜನಕ್ಕೆ ಏಳು.

ಪಾಠ ಹೇಗೆ ನಡೆಯುತ್ತಿತ್ತು? ಐದು ವರ್ಷಕ್ಕೆ ಮಗು ಶಾಲೆಗೆ ಬಂದು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಕೈ ಪಳಗಿದ ಮೇಲೆ ಗರಿ, ಕಾಗದ. ಆದರೆ ಇಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಹಲಗೆ ಮತ್ತು ಕಡತ. ಬಟ್ಟೆಗೆ ಅನ್ನದ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟು ಬಳಿದರೆ ಕಡತ. ಬಳಪದಿಂದ ಬರೆಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು. ವಿಜಯನಗರದ ದಿವಾನಖಾನೆಯ ಸಾಮಾನು ಹಳ್ಳಿಯ ಹುಡುಗನ ಪಾಟಿಯಾಗಿತ್ತು.

ಗಣಿತಕ್ಕೆ ಸಿಕ್ಕ ಜಾಗ ಇನ್ನೂ ಸ್ವಾರಸ್ಯ. ಒಂದರಿಂದ ನೂರರವರೆಗೆ ಎಣಿಕೆ, ಕೂಡುವ ಮಗ್ಗಿ, ಗುಣಿಸುವ ಮಗ್ಗಿ, ಹಣದ ಮತ್ತು ಅಳತೆಯ ಲೆಕ್ಕ. ಭಿನ್ನರಾಶಿಗೆ ಬಹಳ ಕಷ್ಟಪಡುತ್ತಾರೆ ಎಂದು ಕ್ಯಾಂಪ್‌ಬೆಲ್ ಬರೆಯುತ್ತಾರೆ. ಇಂಗ್ಲಿಷರ ದಶಾಂಶದಂತೆ ಹತ್ತು ಹತ್ತಾಗಿ ಅಲ್ಲ, ನಾಲ್ಕು ನಾಲ್ಕಾಗಿ ಇಳಿಯುವ ಭಿನ್ನರಾಶಿ. ನಮ್ಮ ಅಜ್ಜಂದಿರ ಬಾಯಲ್ಲಿದ್ದ ಕಾಲು, ವೀಸ, ಕಾಣಿ ಅದೇ: ನಾಲ್ಕರಲ್ಲೊಂದು, ಹದಿನಾರರಲ್ಲೊಂದು, ಅರವತ್ತನಾಲ್ಕರಲ್ಲೊಂದು. ದಿನಕ್ಕೆ ಎರಡು ಸಲ ಮಕ್ಕಳು ಸಾಲಾಗಿ ನಿಂತು, ಹಿರಿಯ ಹುಡುಗನೊಬ್ಬ ಹೇಳಿಕೊಟ್ಟಂತೆ ಎಲ್ಲ ಮಗ್ಗಿಗಳನ್ನೂ ಒಪ್ಪಿಸಬೇಕು. ದೊಡ್ಡವರು ಚಿಕ್ಕವರಿಗೆ ಕಲಿಸುವ ಈ ಕ್ರಮವನ್ನು ಇಂಗ್ಲೆಂಡಿನವರು ಅನುಕರಿಸಿದ್ದು ಸರಿಯೇ ಎಂದು ಕಲೆಕ್ಟರ್ ಮೆಚ್ಚಿಕೊಂಡಿದ್ದಾರೆ. ಹಿಫ್ಝ್ ತರಗತಿಯಲ್ಲಿ ಕೂತವರಿಗೆ ಇದು ಹೊಸದಲ್ಲ.

ಬೆಳಿಗ್ಗೆ ಶಾಲೆಗೆ ಬರುವುದಕ್ಕೂ ಒಂದು ಲೆಕ್ಕ ಇತ್ತು. ಮೊದಲು ಬಂದವನ ಅಂಗೈ ಮೇಲೆ ಮರ್ಯಾದೆಯ ಗುರುತಾಗಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈ ಮೇಲೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಕೊನೆಗೆ ಬಂದವನ ಪಾಡನ್ನು ಮಕ್ಕಳೇ ಲೆಕ್ಕ ಹಾಕಲಿ! ಪೆಟ್ಟನ್ನು ನಾವು ಒಪ್ಪುವವರಲ್ಲ. ಆದರೆ ಸೊನ್ನೆ ಎಂದರೆ ಏನು ಎಂಬುದನ್ನು ಅಂಗೈ ಮೇಲೆ ಬರೆದು ತಿಳಿಸಿದ ಆ ಮೇಷ್ಟ್ರ ಬುದ್ಧಿವಂತಿಕೆಯನ್ನು ಮೆಚ್ಚದೆ ಇರಲಾಗದು.

ಇನ್ನು, ಈ ವರದಿಯಲ್ಲಿ ನಮಗೆ ಸೇರಿದ ಅಂಕಿ. 6,641 ಮಕ್ಕಳಲ್ಲಿ ಹಿಂದೂಗಳು 6,398. ಮುಸಲ್ಮಾನರು 243. ನೂರಕ್ಕೆ ನಾಲ್ಕೂ ತುಂಬುವುದಿಲ್ಲ. ಒಟ್ಟು ಹೆಣ್ಣುಮಕ್ಕಳು 60, ಅಷ್ಟೂ ಮಂದಿ ಹಿಂದೂ ಮನೆಯವರು. ಅಂದರೆ ಒಂಬತ್ತು ಲಕ್ಷ ಮಿಕ್ಕ ಜನರಿದ್ದ ಜಿಲ್ಲೆಯಲ್ಲಿ ಶಾಲೆಗೆ ಹೋದ ಮುಸ್ಲಿಮ್ ಹೆಣ್ಣುಮಕ್ಕಳ ಮನೆಯಲ್ಲಿ ಬರೆಯಬೇಕಾದ್ದು ಸೊನ್ನೆ. ಮನೆಯಲ್ಲಿ ಖಾಯಿದಾ, ಕುರ್‌ಆನ್ ಓದಿದ ಹುಡುಗಿಯರು ಈ ಪಟ್ಟಿಯೊಳಗೆ ಬಂದಿರಲಿಕ್ಕಿಲ್ಲ. ಆದರೆ ವೀಸ, ಕಾಣಿಯ ಲೆಕ್ಕ ಸಾಲಾಗಿ ನಿಂತು ಒಪ್ಪಿಸುವ ಕಡೆ ಅವರು ಇರಲಿಲ್ಲ.

ಏಕೆ ಹೀಗೆ ಎಂಬುದಕ್ಕೆ ಕ್ಯಾಂಪ್‌ಬೆಲ್ ಕೊಟ್ಟ ಕಾರಣ ಎಲ್ಲರಿಗೂ ಅನ್ವಯಿಸುವಂಥದ್ದು. ಮೊದಲು ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ ಎನ್ನುತ್ತಾರೆ. ವಿಲಾಯತಿಯ ಹತ್ತಿ ಬಟ್ಟೆ ಬಂದು ನೇಕಾರರ ಕೈ ಕಟ್ಟಿತು, ದೇಶೀ ಸಂಸ್ಥಾನಗಳು ಹೋಗಿ ದುಡ್ಡು ದೇಶದಿಂದ ಹೊರಗೆ ಹರಿಯಿತು, ಮಗುವಿನ ಎಳೆಯ ಕೈಕಾಲು ಒಂದಿಷ್ಟು ಬಲಿತ ಕೂಡಲೇ ಬಡವರು ಅದನ್ನು ಕೆಲಸಕ್ಕೆ ಹಚ್ಚಬೇಕಾಯಿತು. ಕಂಪನಿಯ ಅಧಿಕಾರಿಯೇ ಕಂಪನಿಗೆ ಬರೆದ ಮಾತಿದು. ಮೆಣಸಿನಕಾಯಿ ಬಿಡಿಸುವ ಹೊತ್ತಿಗೆ, ಹತ್ತಿ ಆರಿಸುವ ಹೊತ್ತಿಗೆ ಹಾಜರಿ ಪುಸ್ತಕ ಖಾಲಿಯಾಗುವುದನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂರು ವರ್ಷ ಕಳೆದಿದೆ. ಇಂದು ಸಿರುಗುಪ್ಪದಲ್ಲಿ, ಕುರುಗೋಡಿನಲ್ಲಿ, ನಗರದ ಮೊಹಲ್ಲಾಗಳಲ್ಲಿ ಬೆಳಿಗ್ಗೆ ಸಮವಸ್ತ್ರ ತೊಟ್ಟು ಹೋಗುವ ಹುಡುಗಿಯರನ್ನು ನೋಡಿದರೆ ಆ ಸೊನ್ನೆ ಅಳಿಸಿದೆ. ಪ್ರಶ್ನೆ ಈಗ ಶಾಲೆಗೆ ಹೋಗುತ್ತಾರೋ ಇಲ್ಲವೋ ಎಂಬುದಲ್ಲ. ಲಕ್ಷ, ಕೋಟಿಯ ಪಾಠ ಅವರ ಬದುಕಿನೊಳಗೆ ಬರುತ್ತದೋ ಇಲ್ಲವೋ ಎಂಬುದು.

ಅದು ಬರಲು ಪುಸ್ತಕದ ಉದಾಹರಣೆ ಸಾಲದು, ಮನೆಯ ಉದಾಹರಣೆ ಬೇಕು. ಕಾಲುವೆ ನೀರಿನಿಂದ ಭತ್ತ ಬೆಳೆಯುವ ಮನೆಯಲ್ಲಿ ‘ಟಿಎಂಸಿ’ ಎಂಬ ಮಾತು ದಿನವೂ ಕೇಳುತ್ತದೆ. ಅದರ ಅರ್ಥ ಸಾವಿರ ಮಿಲಿಯನ್ ಘನ ಅಡಿ, ಅಂದರೆ ನೂರು ಕೋಟಿ ಘನ ಅಡಿ. ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105.788ಕ್ಕೆ ಇಳಿದಿದೆ. ಹೋದದ್ದು 27 ಟಿಎಂಸಿ, ಅದನ್ನು ಅಂಕಿಯಲ್ಲಿ ಬರೆದರೆ 27ರ ಮುಂದೆ ಒಂಬತ್ತು ಸೊನ್ನೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಲಕ್ಷ ಕ್ಯೂಸೆಕ್ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಒಂದು ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 864 ಕೋಟಿ ಘನ ಅಡಿ, ಅಂದರೆ 8.64 ಟಿಎಂಸಿ. ಆರನೇ ತರಗತಿಯ ಮಗು ಮಾಡಬಲ್ಲ ಗುಣಾಕಾರ ಇದು. ಮಾಡಿದ ಮೇಲೆ ಆ ಮಗುವಿಗೆ ಟಿವಿಯವರ ಕೂಗಾಟಕ್ಕಿಂತ ಹೆಚ್ಚು ಅರ್ಥವಾಗಿರುತ್ತದೆ.

ಝಕಾತಿನ ಲೆಕ್ಕವೂ ಹಾಗೆಯೇ. ನಲವತ್ತರಲ್ಲಿ ಒಂದು ಭಾಗ ತೆಗೆಯಲು ಕ್ಯಾಲ್ಕುಲೇಟರ್ ಹುಡುಕಬೇಕಿಲ್ಲ. 3,47,250ರಲ್ಲಿ ಕೊನೆಯ ಸೊನ್ನೆ ತೆಗೆದರೆ ಹತ್ತರಲ್ಲೊಂದು, 34,725. ಅದರ ಕಾಲು ಭಾಗ 8,681 ರೂಪಾಯಿ 25 ಪೈಸೆ. ನಾಲ್ಕು ನಾಲ್ಕಾಗಿ ಇಳಿಯುವ ಹಳೆಯ ಬಳ್ಳಾರಿ ಶಾಲೆಯ ಹುಡುಗ ಇದನ್ನು ಬಾಯಲ್ಲೇ ಹೇಳುತ್ತಿದ್ದ.

ಆದರೆ ನಮ್ಮ ಮನಸ್ಸಿನಲ್ಲಿ ಬಹಳ ದಿನದಿಂದ ಕೊರೆಯುತ್ತಿರುವುದು ವಾರಸುದಾರಿಕೆಯ ಲೆಕ್ಕ. ಖ್ವಾರಿಝ್ಮಿಯವರು ಬೀಜಗಣಿತದ ಪುಸ್ತಕ ಬರೆದಾಗ ಅದರ ಬಹು ದೊಡ್ಡ ಪಾಲನ್ನು ಮೀಸಲಿಟ್ಟದ್ದು ವಸಿಯ್ಯತ್ ಮತ್ತು ಆಸ್ತಿ ಹಂಚಿಕೆಗೆ. ಜನರಿಗೆ ದಿನವೂ ಬೇಕಾಗುವ ಲೆಕ್ಕ ಎಂದು ಮುನ್ನುಡಿಯಲ್ಲಿಯೇ ಹೇಳಿದ್ದಾರೆ. ಒಬ್ಬರು ತೀರಿಕೊಂಡರು ಎನ್ನೋಣ. ಪತ್ನಿ, ತಾಯಿ, ಒಬ್ಬ ಮಗ, ಒಬ್ಬಳು ಮಗಳು ಇದ್ದಾರೆ. ಸಾಲ ತೀರಿಸಿ ಉಳಿದದ್ದು 18,00,000 ರೂಪಾಯಿ. ಪತ್ನಿಗೆ ಎಂಟರಲ್ಲೊಂದು, ತಾಯಿಗೆ ಆರರಲ್ಲೊಂದು, ಉಳಿದದ್ದರಲ್ಲಿ ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. ಒಟ್ಟನ್ನು 72 ಭಾಗ ಮಾಡಿದರೆ ಭಾಗಕ್ಕೆ 25,000. ಪತ್ನಿಗೆ 9 ಭಾಗ, 2,25,000. ತಾಯಿಗೆ 12, ಅಂದರೆ 3,00,000. ಮಗನಿಗೆ 34, 8,50,000. ಮಗಳಿಗೆ 17, 4,25,000. ಕೂಡಿಸಿ ನೋಡಿ, ಒಂದು ರೂಪಾಯಿ ಹೆಚ್ಚು ಕಡಿಮೆ ಇಲ್ಲ.

ಈ 4,25,000 ಎಷ್ಟು ಹೆಣ್ಣುಮಕ್ಕಳ ಕೈ ಸೇರುತ್ತದೆ? ಒಂದು ಜೊತೆ ಬಟ್ಟೆ, ಅರ್ಧ ತೊಲ ಬಂಗಾರ ಕೊಟ್ಟು, ‘ಬೇಟಿ, ಇಲ್ಲೊಂದು ಸಹಿ ಹಾಕು’ ಎಂದು ಕಾಗದ ಮುಂದಿಡುವುದನ್ನು ನಾವೆಲ್ಲ ನೋಡಿದ್ದೇವೆ. ಕಾಗದದ ಮೇಲೆ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಮೊತ್ತ ಬರೆದಿರುತ್ತದೆ. ಅದನ್ನು ಬಿಡಿ, ಹತ್ತು, ನೂರು, ಸಾವಿರ ಎಂದು ಬಲದಿಂದ ಎಣಿಸಿ ಓದಿ, ಎಂಟು ಮತ್ತು ಆರರ ಭಾಗ ತೆಗೆದು ನೋಡಿದವಳು ಸಹಿ ಹಾಕುವ ಮುನ್ನ ಒಂದು ಪ್ರಶ್ನೆಯನ್ನಾದರೂ ಕೇಳುತ್ತಾಳೆ. ಅಣ್ಣತಮ್ಮಂದಿರಿಗೆ ಆ ಪ್ರಶ್ನೆ ಇಷ್ಟವಾಗಲಿಕ್ಕಿಲ್ಲ. ಮಸೀದಿಯ ಜಮಾಅತಿನವರಿಗೂ ಕೆಲವೊಮ್ಮೆ ಇಷ್ಟವಾಗುವುದಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಬೇಕು. ಆದರೆ ಪಾಲನ್ನು ನಿಗದಿ ಮಾಡಿದ್ದು ಅಣ್ಣತಮ್ಮಂದಿರಲ್ಲ, ಜಮಾಅತ್ ಕೂಡ ಅಲ್ಲ.

ಈ ತಿಂಗಳಿಂದ ಮಕ್ತಬ್‌ನಲ್ಲಿ ವಾರಕ್ಕೆ ಎರಡು ಸಂಜೆ ಅರ್ಧ ಗಂಟೆ ಶಾಲೆಯ ಗಣಿತವೂ ಇರುತ್ತದೆ. ಹುಡುಗಿಯರಿಗೆ ಅಸ್ರ್ ನಂತರ, ಹುಡುಗರಿಗೆ ಮಗ್ರಿಬ್ ನಂತರ. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುವ ಹಳೆಯ ಕ್ರಮದಲ್ಲಿಯೇ. ಮೊದಲ ಲೆಕ್ಕ ಇಲ್ಲಿಯೇ ಕೊಡುತ್ತೇವೆ: ಮನೆ ಮಾರಿ ಬಂದದ್ದು 36,00,000 ರೂಪಾಯಿ. ತೀರಿಕೊಂಡವರ ಸಾಲ 4,80,000. ಇರುವವರು ಪತ್ನಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಪ್ರತಿಯೊಬ್ಬರಿಗೂ ಎಷ್ಟೆಷ್ಟು? ಉತ್ತರವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯಬೇಕು, ಮನೆಯ ಹೆಣ್ಣುಮಗಳ ಕೈಯಿಂದಲೇ ಬರೆಸಿ ತರಬೇಕು.